ಕಲ್ಲು ಎಳೆದವರ ನಾಡಿನಲ್ಲಿ ಎರಡು ದಿನ

ರಾಯಚೂರು ಬಸ್ ನಿಲ್ದಾಣದ ಗದ್ದಲವನ್ನು ಬೆನ್ನಿಗೆ ಬಿಟ್ಟು ಸ್ವಲ್ಪ ನಡೆದರೆ ಆ ಕಲ್ಲು ಸಿಗುತ್ತದೆ. ಒಳಕೋಟೆಯ ಪಡುವಣ ಗೋಡೆಯಲ್ಲಿ ಅಡ್ಡ ಮಲಗಿದೆ. ಉದ್ದ 41 ಅಡಿಗೂ ಮಿಕ್ಕಿ. ಮೊದಲ ನೋಟಕ್ಕೆ ಅದು ಒಂದೇ ಕಲ್ಲು ಎಂದು ಮನಸ್ಸು ಒಪ್ಪುವುದಿಲ್ಲ, ಕಣ್ಣು ಸಂದಿ ಹುಡುಕುತ್ತದೆ. ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿ ಎಣಿಸಿದೆ. ಹದಿನೇಳು ಹೆಜ್ಜೆ. ಸಂದಿ ಸಿಗಲಿಲ್ಲ.

ಕಲ್ಲಿನ ಮೇಲೆ ತೆಲುಗು ಶಾಸನವಿದೆ. ಕಾಕತೀಯರ ಆಳ್ವಿಕೆಯಲ್ಲಿ, 1294ರಲ್ಲಿ, ದಂಡನಾಯಕ ವಿಠ್ಠಲನಾಥ ಈ ಕೋಟೆಯನ್ನು ಕಟ್ಟಿಸಿದ ಸಂಗತಿ ಅದರಲ್ಲಿದೆ. ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಬರೆಸುವುದು ಎಲ್ಲ ಕಡೆಯೂ ಇದ್ದದ್ದೇ. ಇಲ್ಲಿನ ವಿಶೇಷ ಶಾಸನದ ಪಕ್ಕದಲ್ಲಿದೆ. ಈ ಕಲ್ಲು ಇಲ್ಲಿಗೆ ಹೇಗೆ ಬಂತು ಎಂಬುದನ್ನು ಯಾರೋ ಗೆರೆಗಳಲ್ಲಿ ಕೆತ್ತಿಟ್ಟಿದ್ದಾರೆ. ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಉದ್ದನೆಯ ಕಲ್ಲು, ಮುಂದೆ ಸಾಲುಗಟ್ಟಿದ ಕೋಣಗಳು. ನಡುನಡುವೆ ಅವುಗಳನ್ನು ಹುರಿದುಂಬಿಸುವ ಆಳುಗಳು. ಹಿಂದೆ ಗಾಲಿಗೆ ಸನ್ನೆಕೋಲು ಕೊಟ್ಟು ಮೀಟುತ್ತಿರುವವರು. ಗೆರೆಗಳು ಸವೆದಿವೆ, ಬೆಳಗಿನ ಓರೆ ಬಿಸಿಲಿರುವಾಗ ಹೋದರೆ ಚೆನ್ನಾಗಿ ಕಾಣುತ್ತವೆ.

ಜೊತೆಗಿದ್ದ ಗೆಳೆಯ ಮಾನ್ವಿ ಕಡೆಯ ಹೈಸ್ಕೂಲ್ ಮಾಸ್ತರ. ಕೈಯನ್ನು ಕಣ್ಣಿಗೆ ಮರೆ ಹಿಡಿದು ನೋಡುತ್ತಿದ್ದವನು ಅಂದ: "ಕಟ್ಟಿಸಿದವನ ಹೆಸರು ಅಕ್ಷರದಾಗ ಐತಿ ಸರ, ಎಳೆದವರದು ಚಿತ್ರದಾಗಷ್ಟ ಐತಿ."

ಎರಡು ದಿನದ ತಿರುಗಾಟಕ್ಕೆ ಅಷ್ಟು ಸಾಕಾಯಿತು. ಕೃಷ್ಣೆಯ ದಡದಿಂದ ತುಂಗಭದ್ರೆಯ ದಡಕ್ಕೆ ಹೋಗಬೇಕೆಂಬುದು ನಮ್ಮ ಲೆಕ್ಕ: ರಾಯಚೂರು, ಗಬ್ಬೂರು, ದೇವದುರ್ಗ, ಸಿರವಾರ, ಮಾನ್ವಿ. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಹಳೆಯ ಶಾಸನಗಳು ಈ ಸೀಮೆಯನ್ನು ಎಡೆದೊರೆ ನಾಡು ಎಂದವು. ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು 'ರಾಯಚೂರು ದೋಆಬ್' ಎಂದು. ಅದೂ ಕಾದಾಟದ ಪಾಠದಲ್ಲಿ. ವಿಜಯನಗರ ಮತ್ತು ಬಹಮನಿ, ಆಮೇಲೆ ವಿಜಯನಗರ ಮತ್ತು ಬಿಜಾಪುರ, ಇನ್ನೂರು ವರ್ಷ ಈ ನೆಲಕ್ಕಾಗಿ ಹೊಡೆದಾಡಿದವು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಇದೇ ಕೋಟೆಯನ್ನು ಹಿಡಿದ. ಮುತ್ತಿಗೆಯಲ್ಲಿ ಪೋರ್ಚುಗೀಸ್ ಕೋವಿಕಾರರೂ ಅವನ ಕಡೆ ಇದ್ದರು. ಆ ಕಥೆಯನ್ನು ವಿವರವಾಗಿ ಬರೆದಿಟ್ಟವನೂ ಪೋರ್ಚುಗೀಸನೇ, ಕುದುರೆ ವ್ಯಾಪಾರಿ ನೂನಿಸ್. ಕೋಟೆ ಕೈಯಿಂದ ಕೈಗೆ ಹೋಗುತ್ತಲೇ ಬಂತು. ಒಳಗೋಡೆ ಗಾರೆಯಿಲ್ಲದೆ ಕೂಡಿಸಿದ ಕಾಕತೀಯರ ಕಾಲದ ಕಲ್ಲು, ಹೊರಗೋಡೆ ಆದಿಲ್‌ಶಾಹಿಗಳದ್ದು. ನಡುವಿನ ಕಂದಕದ ಜಾಗಕ್ಕೆ ಊರು ನುಗ್ಗಿದೆ. ಮೆಕ್ಕಾ ದರವಾಜಾ, ನವರಂಗಿ ದರವಾಜಾ, ಕಾಟೆ ದರವಾಜಾ ಎಂಬ ಬಾಗಿಲುಗಳ ಹೆಸರು ಈಗಲೂ ಆಟೋದವರ ಬಾಯಲ್ಲಿ ಇವೆ.

ಪೇಟೆಯಲ್ಲಿ ಏಕ್ ಮಿನಾರ್ ಮಸೀದಿ ಇದೆ. 1513ರದ್ದು, ಅಂದರೆ ಆ ಯುದ್ಧಕ್ಕಿಂತ ಏಳು ವರ್ಷ ಹಿರಿಯ. ಹೆಸರೇ ಹೇಳುವಂತೆ ಒಂದೇ ಮಿನಾರು, ಅಂಗಳದ ಮೂಲೆಯಲ್ಲಿ 65 ಅಡಿ ಎತ್ತರಕ್ಕೆ ಮೇಲೆ ಹೋದಂತೆ ಸಣ್ಣಗಾಗುತ್ತಾ ನಿಂತಿದೆ. ಕೆಳಗೆ ಚಪ್ಪಲಿ ಅಂಗಡಿ, ಬಟ್ಟೆ ಅಂಗಡಿ. ಮೇಲೆ ಪಾರಿವಾಳ.

ರಾಯಚೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಊರವರೇ ನಗಾಡುತ್ತಾರೆ. ಫೆಬ್ರವರಿಯ ಒಂಬತ್ತು ಗಂಟೆಗೇ ಕಾರಿನ ಹಿಡಿಕೆ ಬಿಸಿಯಾಗಿತ್ತು. ತಳ್ಳುಗಾಡಿಯ ಮುಂದೆ ನಿಂತು ಮಂಡಾಳು ಒಗ್ಗರಣಿ ತಿಂದೆವು. "ಮಿರ್ಚಿ ಎರಡ ಹಾಕ್ಲೇನ್ರಿ ಅಣ್ಣಾ?" ಎಂದು ಕೇಳಿದ ಅಕ್ಕ ಉತ್ತರಕ್ಕೆ ಕಾಯದೆ ಮೂರು ಹಾಕಿದಳು.

ಕಲ್ಮಲಾದಲ್ಲಿ ದಾರಿ ಕವಲೊಡೆಯುತ್ತದೆ: ಒಂದು ದೇವದುರ್ಗಕ್ಕೆ, ಇನ್ನೊಂದು ಮಾನ್ವಿ-ಸಿಂಧನೂರಿಗೆ. ಮೊದಲಿನದನ್ನು ಹಿಡಿದೆವು. ಎರಡೂ ಬದಿ ಎರೆಹೊಲ. ಹತ್ತಿ ಬಿಡಿಸಿ ಮುಗಿಯುತ್ತ ಬಂದಿತ್ತು, ಕಟ್ಟಿಗೆಯಂಥ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚೂರು. ಅಲ್ಲಲ್ಲಿ ಕಣದಲ್ಲಿ ಹರವಿದ ಮೆಣಸಿನಕಾಯಿ. ಘಾಟು ಕಿಟಕಿ ಏರಿಸಿದರೂ ಒಳಗೆ ಬರುತ್ತಿತ್ತು. ಹತ್ತಿ ತುಂಬಿದ ಲಾರಿಗಳು ಎದುರಿಗೆ ಬಂದರೆ ರಸ್ತೆಯೆಲ್ಲ ಅವುಗಳದ್ದೇ. ಬದಿಗೆ ಸರಿದು ನಿಲ್ಲಬೇಕು, ನಿಂತೆವು.

ಗಬ್ಬೂರು ಅವಸರದವರ ಊರಲ್ಲ. ಬಸ್ಸಿನಲ್ಲಿ ಹೋಗುವವನಿಗೆ ಅದು ಇನ್ನೊಂದು ಹೋಬಳಿ ಊರು. ಇಳಿದು ಗಲ್ಲಿ ಹೊಕ್ಕವನಿಗೆ ಗುಡಿಯ ಮೇಲೆ ಗುಡಿ. ಮಳೆ ಶಂಕರ, ವೆಂಕಟೇಶ್ವರ, ಈಶ್ವರ, ಬಂಗಾರ ಬಸಪ್ಪ, ಹನುಮಂತ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಇದು ಓದು-ಬರಹದ ಅಗ್ರಹಾರ. ಊರ ತುಂಬ ಶಾಸನಗಳಿವೆ. ಮಳೆ ಶಂಕರನ ಗುಡಿಯ ಕಂಬಗಳ ನುಣುಪನ್ನು ಕೈಯಿಂದಲೇ ನೋಡಬೇಕು. ಸಾವಿರ ವರ್ಷಕ್ಕೆ ಹತ್ತಿರವಾದ ಕಲ್ಲು ಮಧ್ಯಾಹ್ನದಲ್ಲೂ ತಣ್ಣಗಿತ್ತು. ಹೊರಗೆ ಗೋಡೆಗೆ ಒರಗಿಸಿಟ್ಟ ಒಂದು ಒಡೆದ ಕಲ್ಲಿನ ಮೇಲೆ ಎಮ್ಮೆಕರು ಮೈ ತಿಕ್ಕುತ್ತಿತ್ತು. ಆಚೆಮನೆಯ ಅಜ್ಜಿ ಅದನ್ನು ಗದರಿ ಓಡಿಸಿ, ನಮ್ಮನ್ನು ಕೇಳಿದಳು: "ಓದಾಕ ಬರತದೇನಪ್ಪಾ ನಿಮಗ?" ಇಲ್ಲವೆಂದೆ. "ನಮಗೂ ಬರಂಗಿಲ್ಲ. ಆದ್ರ ದೀಪ ಇಡತೀವಿ" ಅಂದಳು.

ದೇವದುರ್ಗದ ದಾರಿಯಿಂದ ಬಲಕ್ಕೆ, ಉತ್ತರಕ್ಕೆ, ತಿರುಗಿದರೆ ಕೃಷ್ಣೆಯ ದಡದಲ್ಲಿ ಕೊಪ್ಪರ. ಲಕ್ಷ್ಮೀನರಸಿಂಹನ ಕ್ಷೇತ್ರ, ಕಾರ್ಪರ ಋಷಿಯ ಹೆಸರಿನಿಂದ ಬಂದದ್ದು ಎನ್ನುತ್ತಾರೆ. ನರಸಿಂಹನಿಗೂ ಅಶ್ವತ್ಥ ಮರಕ್ಕೂ ಇಲ್ಲಿ ಬಿಡಿಸಲಾಗದ ನಂಟು. ಬೇಸಿಗೆಗೆ ಮುಖ ಮಾಡಿದ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಕಾಲು ತೊಳೆಯಲು ಇಳಿಯುತ್ತಿದ್ದಾಗ ದನ ಕಾಯುವ ಹುಡುಗ ಕೂಗಿದ: "ಅಲ್ಲೇ ನಿಂದರ್ರಿ ಕಾಕಾ, ಮೊಸಳಿ ಇರತಾವ!" ದಡದಲ್ಲೇ ಚೊಂಬಿನ ನೀರು ಸುರಿದುಕೊಂಡು ಮೇಲೆ ಬಂದೆ. ಇತ್ತ ಕಡೆಯವರಿಗೆ ಹೊಳೆ ಎಂದರೆ ಚಿತ್ರಕ್ಕೆ ನಿಲ್ಲುವ ಜಾಗವಲ್ಲ. ಬೇಸಿಗೆಯಲ್ಲಿ ಬತ್ತುತ್ತದೆ, ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯ ಬಾಗಿಲು ತೆರೆದ ಸುದ್ದಿ ಬಂದರೆ ಊರು ಖಾಲಿ ಮಾಡಿಸುತ್ತದೆ.

ಸಂಜೆ ಹೊತ್ತಿಗೆ ದೇವದುರ್ಗ. ಸುತ್ತ ಗುಡ್ಡಗಳ ಸಾಲು, ಅಳಿದುಳಿದ ಕೋಟೆಗೋಡೆ. ಹಿಂದೆ ಇದು ಬೇಡ ನಾಯಕರ ಬಲವಾದ ನೆಲೆ. ಗುಡ್ಡ ಬಲ್ಲವನಿಗಷ್ಟೇ ದಾರಿ ಸಿಗುವ ಜಾಗ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ನೀರು ಮುಟ್ಟಿದ ಹಳ್ಳಿಗಳ ಬಣ್ಣ ಬದಲಾಗಿದೆ. ಮುಟ್ಟದ ಹಳ್ಳಿಗಳ ಕಥೆ ರಾತ್ರಿ ಬಸ್ ನಿಲ್ದಾಣದಲ್ಲಿ ಕಂಡಿತು.

ಮಾಸ್ತರನ ಸೋದರತ್ತೆಯ ಮನೆಯಲ್ಲಿ ಊಟ ಮುಗಿಸಿ, ಎಲೆ ಅಡಿಕೆ ತರಲೆಂದು ಹೋಗಿದ್ದೆವು. ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದ ನಾಲ್ಕೈದು ಕುಟುಂಬಗಳು. ಜೋಳದ ಚೀಲ, ಬಕೀಟಿನಲ್ಲಿ ತುಂಬಿದ ಪಾತ್ರೆ, ಹಗ್ಗ ಬಿಗಿದ ಹಾಸಿಗೆ, ಮಡಿಲಲ್ಲಿ ನಿದ್ದೆಹೋದ ಕೂಸು. ಗುಳೆ ಹೊರಟವರು. ಒಬ್ಬ ಹುಡುಗ ಸೆಂಟ್ರಿಂಗ್ ಕೆಲಸಕ್ಕೆ, ಅವನ ಹೆಂಡತಿ ಇಟ್ಟಿಗೆ ಹೊರಲು. "ಹೊಸಾ ಬಿಲ್ಡಿಂಗ್ ಸರ, ಹದಿನಾಲ್ಕು ಅಂತಸ್ತು" ಎಂದು ಆತ ಹೆಮ್ಮೆಯಿಂದಲೇ ಹೇಳಿದ. ಬೆಳಿಗ್ಗೆ ಕಂಡ ಬಂಡಿಯ ಚಿತ್ರ ನೆನಪಾಯಿತು. ಆ ಬಿಲ್ಡಿಂಗಿನ ಗೋಡೆಯ ಮೇಲೆ ಇವನ ಗೆರೆಯನ್ನು ಯಾರೂ ಕೆತ್ತುವುದಿಲ್ಲ. ಬಸ್ಸು ಬಂತು, ಚೀಲಗಳು ಮೇಲೇರಿದವು, ನಿಲ್ದಾಣ ಖಾಲಿಯಾಯಿತು.

ಮರುದಿನ ಬೆಳಿಗ್ಗೆ ಅತ್ತೆ ಕಟ್ಟಿಕೊಟ್ಟ ಬುತ್ತಿ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. "ಮೊಸರಕಲ್ಲಿನ ದಾಸರ ರೊಟ್ಟಿ ಅಂತ ತಿಳಕೊಂಡು ತಿನ್ರಿ" ಎಂದು ನಕ್ಕಳು. ಆ ಮಾತಿನ ಹಿಂದೆ ಒಂದು ಕಥೆ ಇದೆ. ಮಾನ್ವಿಯ ಶ್ರೀನಿವಾಸಾಚಾರ್ಯ ಸಂಸ್ಕೃತದಲ್ಲಿ ದೊಡ್ಡ ಪಂಡಿತ, ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದರೆ, ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡ. ನೆಪ ನಿಜವಾಯಿತು, ನೋವು ಬಿಡಲೇ ಇಲ್ಲ. ಕೊನೆಗೆ ಅದೇ ವಿಜಯದಾಸರು ಅವನನ್ನು ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ಈ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಅವರು ಮಂತ್ರಿಸಿ ಕೊಟ್ಟ ಮದ್ದು ಜೋಳದ ರೊಟ್ಟಿ; ಜೊತೆಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ. ಹಾಗೆ ಬದುಕಿದ ಪಂಡಿತ ಜಗನ್ನಾಥದಾಸರಾದರು, ಕನ್ನಡದ ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ' ಬರೆದರು. ಕಥೆಯನ್ನು ನಂಬುವುದು ಬಿಡುವುದು ಅವರವರ ಮನಸ್ಸು. ಅಹಂಕಾರಕ್ಕೆ ಈ ಸೀಮೆ ಹೇಳಿದ ಔಷಧಿ ಮಾತ್ರ ಬಡವರ ಮನೆಯ ರೊಟ್ಟಿ.

ಅರಕೇರಾ ದಾಟಿ ಸಿರವಾರದ ಕಡೆಗೆ ಬಂದಂತೆ ಹೊಲದ ಬಣ್ಣ ಬದಲಾಯಿತು. ಕಪ್ಪಿನ ನಡುವೆ ಹಸಿರು ಪಟ್ಟೆಗಳು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ ಶುರು. ಇಲ್ಲಿನ ರೈತರಿಗೆ ಊರಿನ ಹೆಸರಿನಷ್ಟೇ ಬಾಯಿಪಾಠ 'ಮೈಲ್ 69', 'ಮೈಲ್ 104' ಎಂಬ ಅಳತೆ ಜಾಗಗಳು. ಅಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂಬುದರ ಮೇಲೆ ಇಲ್ಲಿಯ ನಾಟಿ, ಸಾಲ, ಮದುವೆ ಎಲ್ಲ ನಿಂತಿವೆ. ಸಿರವಾರ, ಮಾನ್ವಿ, ರಾಯಚೂರು ಕಾಲುವೆಯ ಕೊನೆಭಾಗ. ಮೇಲಿನವರು ತುಂಬಿಸಿಕೊಂಡು ಬಿಟ್ಟದ್ದು ಇವರಿಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಎಲ್ಲರಿಗಿಂತ ಮೊದಲು ಎದೆ ಒಡೆದದ್ದು ಕೊನೆಭಾಗದವರಿಗೇ. ಚಹಾದಂಗಡಿಯಲ್ಲಿ ಕೂತ ರೈತನೊಬ್ಬ ಅಂದ: "ರಾಜರು ಎರಡು ಹೊಳಿ ಸಲುವಾಗಿ ಬಡದಾಡಿದ್ರಂತ. ನಾವು ಎರಡು ಫೂಟ್ ನೀರಿನ ಸಲುವಾಗಿ ಬಡದಾಡತೀವಿ."

ಕಲ್ಲೂರಿನಲ್ಲಿ ಮಹಾಲಕ್ಷ್ಮಿ. ಗಂಧ ತೇಯುವ ಸಾಣೆಕಲ್ಲಿನ ಮೇಲೆ ಮೂಡಿದವಳೆಂಬ ನಂಬಿಕೆ. ಕೊಲ್ಹಾಪುರಕ್ಕೆ ಹೋಗಲಾಗದವರು ಇಲ್ಲಿಗೆ ಬರುತ್ತಾರೆ. ದಿನವೂ ತಿಕ್ಕಿಸಿಕೊಳ್ಳುವ ಕಲ್ಲಿನಲ್ಲೇ ದೇವಿ ಬಂದು ಕೂತಳು ಎಂಬುದು ನನಗೆ ಹಿಡಿಸಿತು. ನೀರಮಾನ್ವಿಯ ಯಲ್ಲಮ್ಮನಿಗೆ ದಾರಿಯಿಂದಲೇ ಕೈಮುಗಿದು ಮಾನ್ವಿ ಸೇರಿದೆವು.

ಮಾನ್ವಿ ಭತ್ತದ ಊರು. ಅಕ್ಕಿ ಗಿರಣಿ, ರಸಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಗ್ಯಾರೇಜು. ಗುಡ್ಡದ ಮೇಲೆ ಸಬ್ಜಲಿ ದರ್ಗಾ, ಪೇಟೆಯ ಒಳಗೆ ದಾಸರ ಮನೆ. ಜಗನ್ನಾಥದಾಸರು 1809ರಲ್ಲಿ ತೀರಿಕೊಂಡರು. ಅವರು ಒರಗಿ ಕೂಡುತ್ತಿದ್ದ ಕಂಬದಲ್ಲಿ ಇಂದಿಗೂ ಇದ್ದಾರೆಂದು ಭಕ್ತರು ನಂಬಿ ಕಂಬಕ್ಕೇ ಪೂಜೆ ಸಲ್ಲಿಸುತ್ತಾರೆ. ಭಾದ್ರಪದ ಶುದ್ಧ ನವಮಿಗೆ ಆರಾಧನೆ. ನಾವು ಹೋದಾಗ ಒಬ್ಬ ಹೆಂಗಸು ಕಂಬದ ಮುಂದೆ ಕೂತು ಪುಸ್ತಕವಿಲ್ಲದೆ, ಕಣ್ಣುಮುಚ್ಚಿ, ಹರಿಕಥಾಮೃತಸಾರದ ಸಂಧಿಯ ಮೇಲೆ ಸಂಧಿ ಹೇಳುತ್ತಿದ್ದಳು. ರಾಯಚೂರಿನ ಆ ಕಲ್ಲಿನ ಮೇಲಿನ ಅಕ್ಷರ ಓದಲು ಪಂಡಿತರು ಬೇಕು. ಇಲ್ಲಿ ಬರೆದದ್ದು ನಾಲಿಗೆಯಿಂದ ನಾಲಿಗೆಗೆ ಇಳಿದುಕೊಂಡು ಬಂದಿದೆ.

ಇಳಿಹೊತ್ತಿಗೆ ಚೀಕಲಪರ್ವಿ. ತುಂಗಭದ್ರೆಯ ದಡ, ವಿಜಯದಾಸರ ಹುಟ್ಟೂರು, ಆಚೆ ದಡ ಆಂಧ್ರ. ನಿನ್ನೆ ಮಧ್ಯಾಹ್ನ ಕೃಷ್ಣೆ, ಇಂದು ಸಂಜೆ ತುಂಗಭದ್ರೆ. ಎಡೆದೊರೆಯನ್ನು ಅಡ್ಡಲಾಗಿ ದಾಟಿಬಿಟ್ಟಿದ್ದೆವು. ಉಳಿದ ಎರಡು ರೊಟ್ಟಿ ಮುರಿದು ತಿಂದು ಎದ್ದೆವು.

ಮರಳುವಾಗ ಅಡ್ಡದಾರಿ ಹಿಡಿದದ್ದು ನನ್ನದೇ ತಪ್ಪು. ಗದ್ದೆಗೆ ಬಿಟ್ಟ ನೀರು ಕಚ್ಚಾರಸ್ತೆಗೆ ನುಗ್ಗಿ ಎರೆಮಣ್ಣು ಕಲಸಿದಂತಾಗಿತ್ತು. ಕಾರಿನ ಹಿಂಗಾಲಿಗಳು ಹೂತವು. ವೇಗ ಕೊಟ್ಟಷ್ಟೂ ಇಳಿದವು. ನಾಟಿ ಮುಗಿಸಿ ಹೊರಟಿದ್ದವರು ಕರೆಯದೆಯೇ ಬಂದರು. ಇಬ್ಬರು ಹಾರೆಕೋಲು ತಂದು ಗಾಲಿಯ ಅಡಿಗೆ ಕೊಟ್ಟು ಮೀಟಿದರು, ನಾಲ್ವರು ಹಿಂದಿನಿಂದ ಹೆಗಲು ಕೊಟ್ಟರು, ಹೆಂಗಸರು ಹುಲ್ಲು ತಂದು ಹಾಕಿದರು. ಬದುವಿನ ಮೇಲೆ ನಿಂತ ಮುದುಕನೊಬ್ಬ ಕೈಯೆತ್ತಿ "ಹೈಸಾ... ಇನ್ನೊಂದ್ಸಲ ಹೈಸಾ!" ಎಂದು ಕೂಗುತ್ತಿದ್ದ. ಮಾಸ್ತರ ನನ್ನ ಮುಖ ನೋಡಿದ. ನನಗೂ ಅದೇ ಹೊಳೆದಿತ್ತು. ಕೋಣಗಳೊಂದು ಇರಲಿಲ್ಲ, ಉಳಿದದ್ದೆಲ್ಲ ಆ ಗೋಡೆಯ ಮೇಲಿದ್ದಂತೆಯೇ.

ಕಾರು ಮೇಲೆ ಬಂತು. ಕೈಕಾಲಿಗೆಲ್ಲ ಮೆತ್ತಿದ ಕೆಸರನ್ನು ಕಾಲುವೆಯಲ್ಲಿ ತೊಳೆದುಕೊಳ್ಳುತ್ತಿದ್ದ ಮುದುಕನ ಬಳಿ ಹೋಗಿ, "ನಿಮ್ಮ ಹೆಸರೇನ್ರಿ ತಾತಾ?" ಎಂದೆ.

"ಹೆಸರು ತಗೊಂಡು ಏನ್ ಮಾಡತಿ ತಮ್ಮಾ," ಅಂದ. "ಮೊದಲ ಗಾಡಿ ತೆಗಿ. ಹಿಂದ ಟ್ರ್ಯಾಕ್ಟರ್ ನಿಂತೈತಿ."