ಹಸುಗೂಸಿಗೆ ಎಮ್ಮೆಯ ಹಾಲು ಸಲ್ಲದು

ನೌಪಾಡಾದ ನಮ್ಮ ಹೋಟೆಲು ಬಂಧುಗಳ, ಗುಮಾಸ್ತ ಮಿತ್ರರ ಮನೆಗಳಲ್ಲಿ ತೊಟ್ಟಿಲು ಕಟ್ಟಿದಾಗ ಒಂದು ಮಾತು ಕೇಳಿಬರುವುದುಂಟು: “ತಬೇಲೆಯ ಗಟ್ಟಿ ಹಾಲಿರುವಾಗ ಡಬ್ಬಿಯ ಪುಡಿಗೇಕೆ ದುಡ್ಡು?” ಆ ಗಟ್ಟಿತನದಲ್ಲಿಯೇ ಕೇಡಿದೆಯೆಂದು ನಾವು ಹೇಳಬೇಕಾಗಿದೆ.

ತಾಯಿಯ ಹಾಲಿನಲ್ಲಿ ಕ್ಯಾಲ್ಸಿಯಂ ರಂಜಕದ ಸುಮಾರು ಎರಡರಷ್ಟಿದೆ. ಹಸುವಿನ ಹಾಲಿನಲ್ಲಿ ರಂಜಕವು ತಾಯಿಹಾಲಿನ ಸುಮಾರು ಆರು ಪಟ್ಟು. ಎಮ್ಮೆಯ ಹಾಲಿನಲ್ಲಿ ಇನ್ನೂ ಅಧಿಕ. ಎಳೆಯ ಮೂತ್ರಪಿಂಡಗಳು ಅದನ್ನು ಹೊರಹಾಕಲಾರವು. ರಕ್ತದಲ್ಲಿ ರಂಜಕವು ಏರಿದಂತೆ ಕ್ಯಾಲ್ಸಿಯಂ ಇಳಿಯುತ್ತದೆ. ಹುಟ್ಟಿದ ಮೊದಲೆರಡು ವಾರಗಳಲ್ಲಿಯೇ ಕೂಸು ನಡುಗಬಹುದು, ಫಿಟ್ಸು ಬರಬಹುದು.

1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಎಮ್ಮೆಯ ಹಾಲನ್ನು ಮಾರ್ಪಡಿಸಿ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು ರೂಪಿಸಿದರು. ಗುಜರಾತಿನ ಅಮೂಲ್ ಅದನ್ನು ಮಾರುಕಟ್ಟೆಗೆ ತಂದಿತು. ಮಾರ್ಪಡಿಸದ ಹಾಲು ಕೂಸಿಗೆ ಸಲ್ಲದೆಂಬುದಕ್ಕೆ ಆ ಶ್ರಮವೇ ಸಾಕ್ಷಿ. ಕೋಡೆಕ್ಸ್ ಅಂತರರಾಷ್ಟ್ರೀಯ ನಿಯಮದಂತೆ ಪುಡಿಯಲ್ಲಿ ಕ್ಯಾಲ್ಸಿಯಂ ರಂಜಕಕ್ಕೆ ಸಮನಾಗಿ, ಹೆಚ್ಚೆಂದರೆ ಇಮ್ಮಡಿಯಾಗಿ ಇರಬೇಕು.

ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸುವುದೂ, ಪುಷ್ಟಿಗೆಂದು ಪುಡಿ ಹೆಚ್ಚಿಸುವುದೂ ಅಪಾಯಕರ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಶ್ರೇಷ್ಠ. ಅದು ಸಾಲದಿದ್ದರೆ ವೈದ್ಯರನ್ನು ಕೇಳಿಯೇ ಡಬ್ಬಿ ತರಬೇಕು; ಅದರ ಮೇಲಿನ ಅಳತೆಯಂತೆಯೇ ಕಲಸಬೇಕು. ವರ್ಷ ತುಂಬುವವರೆಗೆ ತಬೇಲೆಯ ಹಾಲು ದೊಡ್ಡವರ ಚಹಾಕ್ಕೆ ಮಾತ್ರ ಇರಲಿ. ಕೂಸು ನಡುಗಿದರೆ ದೃಷ್ಟಿ ತೆಗೆಯುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ.