ದೂರವಾಣಿಯ ಮೂಲಕ ಮನಸ್ಸಿನ ಆರೈಕೆ

ಪೈರಿನ ಎಲೆ ಹಳದಿಯಾದರೆ ರೈತನ ಕಣ್ಣಿಗೆ ಬೇಗ ಬೀಳುತ್ತದೆ. ಎತ್ತು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರನ್ನು ಕಾಣುತ್ತಾನೆ. ಆದರೆ ಮನೆಯ ಯಜಮಾನನೇ ಊಟ, ನಿದ್ರೆ ಬಿಟ್ಟು ಹೊಲದ ಕಡೆ ಮುಖ ಮಾಡದೆ ಕುಳಿತರೆ, ಅದನ್ನು ಸೋಮಾರಿತನವೆಂದೋ ಗ್ರಹಚಾರವೆಂದೋ ಸುಮ್ಮನಾಗುವವರೇ ಹೆಚ್ಚು. ಮಳೆ ಕೈಕೊಟ್ಟಾಗ, ಕೊಳವೆ ಬಾವಿ ಬತ್ತಿದಾಗ, ಸಾಲದ ಕಂತು ಬಾಕಿ ಬಿದ್ದಾಗ ಚಿಂತೆಯಾಗುವುದು ಸಹಜ. ಬೇಸರ, ನಿರಾಸಕ್ತಿ, ನಿದ್ರಾಹೀನತೆ, ಆಯಾಸ, ಹಸಿವು ಕಡಿಮೆಯಾಗುವುದು ಇವು ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಪ್ರತಿದಿನವೂ ಕಾಡಿದರೆ ಅದು ಖಿನ್ನತೆಯ ಕಾಯಿಲೆ ಇರಬಹುದು. ಗಂಡಸರಂತೆ ಹೆಂಗಸರಿಗೂ ಇದು ಬರುತ್ತದೆ. ಇದಕ್ಕೆ ಚಿಕಿತ್ಸೆ ಇದೆ. ಅದರ ಮೊದಲ ಹೆಜ್ಜೆಯನ್ನು ಮನೆಯಲ್ಲಿದ್ದುಕೊಂಡೇ ಇಡಬಹುದು.

ಆಸ್ಪತ್ರೆಯಿಂದ ಹಳ್ಳಿಯ ಕಡೆಗೆ

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿತು. ಆ ಅನುಭವದ ಆಧಾರದ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಜಾರಿಗೆ ಬಂದಿತು. 14416 ಅಥವಾ 1800-891-4416 ಸಂಖ್ಯೆಗೆ ಹಗಲು ರಾತ್ರಿ ಯಾವ ವೇಳೆಯಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೇಳಿದ ವಿಷಯವನ್ನು ಗೋಪ್ಯವಾಗಿಡಲಾಗುತ್ತದೆ.

ಕರೆಯನ್ನು ಮೊದಲು ಆಪ್ತಸಮಾಲೋಚಕರು ಸ್ವೀಕರಿಸುತ್ತಾರೆ. ಹೆಚ್ಚಿನ ನೆರವು ಬೇಕಾದರೆ ತಜ್ಞರಿಗೆ ವರ್ಗಾಯಿಸುತ್ತಾರೆ. ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರ ಜೊತೆಗೆ ಮನೋರೋಗಿಗಳ ಆರೈಕೆಯಲ್ಲಿ ವಿಶೇಷ ತರಬೇತಿ ಪಡೆದ ನರ್ಸುಗಳೂ ಈ ತಂಡದಲ್ಲಿದ್ದಾರೆ.

ನರ್ಸ್ ವಿಚಾರಿಸುವ ಕ್ರಮ

ಮುಖ ನೋಡದೆ ಆರೈಕೆ ಮಾಡಬೇಕಾದ್ದರಿಂದ ಪ್ರಶ್ನೆಗಳಿಗೆ ಒಂದು ಕ್ರಮವಿರುತ್ತದೆ. ಮೊದಲಿಗೆ ಕರೆ ಮಾಡಿದವರು ಎಲ್ಲಿದ್ದಾರೆ, ಬಿಡುವಾಗಿ ಮಾತನಾಡಲು ಏಕಾಂತವಿದೆಯೇ, ಹತ್ತಿರ ಯಾರಿದ್ದಾರೆ, ಕರೆ ಕಡಿದುಹೋದರೆ ಯಾವ ಸಂಖ್ಯೆಗೆ ಮಾಡಬೇಕು ಎಂಬುದನ್ನು ಕೇಳಿಕೊಳ್ಳುತ್ತಾರೆ. ಬಳಿಕ ನಿದ್ರೆ, ಊಟ, ದುಡಿಮೆ, ಕುಡಿತ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ವಿಚಾರ ಬರುತ್ತದೆ. ಮಾತಿನ ನಡುವಿನ ಮೌನ, ಕುಗ್ಗಿದ ದನಿ, ತಡವಾಗಿ ಬರುವ ಉತ್ತರ ಇವುಗಳನ್ನೂ ಗಮನಿಸುತ್ತಾರೆ.

ಸಾಯುವ ಯೋಚನೆ ಬಂದಿದೆಯೇ ಎಂಬುದನ್ನು ನೇರವಾಗಿಯೇ ಕೇಳುತ್ತಾರೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಒಳಗೇ ಅದುಮಿಟ್ಟ ಮಾತು ಹೊರಬಂದರೆ ಮನಸ್ಸಿನ ಭಾರ ಇಳಿಯುತ್ತದೆ, ನೆರವಿಗೆ ದಾರಿಯಾಗುತ್ತದೆ. ಅಪಾಯ ಕಂಡುಬಂದರೆ ಮಾತು ಮುಂದುವರಿಸುತ್ತಲೇ ಮನೆಯವರನ್ನು ಹತ್ತಿರಕ್ಕೆ ಕರೆಸಿ, ಆಸ್ಪತ್ರೆಗೆ ಹೋಗುವ ವ್ಯವಸ್ಥೆಗೆ ನೆರವಾಗುತ್ತಾರೆ.

ಅಪಾಯವಿಲ್ಲದಿದ್ದಲ್ಲಿ ನಾಳೆಗೆ ಮಾಡಬಹುದಾದ ಒಂದೆರಡು ಸಣ್ಣ ಕೆಲಸಗಳನ್ನು ಗೊತ್ತುಮಾಡುತ್ತಾರೆ: ಹೊತ್ತಿಗೆ ಸರಿಯಾಗಿ ಏಳುವುದು, ಹೊಲಕ್ಕೆ ಒಂದು ಸುತ್ತು ಹೋಗಿ ಬರುವುದು, ನಂಬಿಕೆಯವರೊಬ್ಬರ ಜೊತೆ ಮಾತನಾಡುವುದು. ಅವಶ್ಯವಿದ್ದರೆ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಒಂದೇ ನೀರಿಗೆ ಬೆಳೆ ಬಾರದಂತೆ ಒಂದೇ ಮಾತಿಗೆ ಮನಸ್ಸು ಚೇತರಿಸದು.

ಔಷಧಿಯ ವಿಷಯ

ಅಮೆರಿಕದಲ್ಲಿ ಉನ್ನತ ಪದವಿ ಪಡೆದ ಮನೋರೋಗ ನರ್ಸುಗಳು ಔಷಧಿಯನ್ನೂ ಬರೆದುಕೊಡುತ್ತಾರೆ. ನಮ್ಮಲ್ಲಿ ಅದು ವೈದ್ಯರ ಕೆಲಸ. ಔಷಧಿಯನ್ನು ಸರಿಯಾಗಿ ಮುಂದುವರಿಸುವಂತೆ ನೋಡಿಕೊಳ್ಳುವುದರಲ್ಲಿ ನರ್ಸಿನ ಪಾತ್ರ ದೊಡ್ಡದು. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಗುಣವಾದ ಮೇಲೂ ಸುಮಾರು 6 ತಿಂಗಳು ಮುಂದುವರಿಸಬೇಕಾಗುತ್ತದೆ. ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬಾರದು. ಬಹುಕಾಲ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ನಡುಕ, ಫಿಟ್ಸ್, ಭ್ರಮೆ ಬರಬಹುದು. ಆದ್ದರಿಂದ ವೈದ್ಯರ ನಿಗಾದಲ್ಲಿಯೇ ಬಿಡಿಸಬೇಕು. ಇಂಥವರಿಗೆ ದೂರವಾಣಿಯ ಸಲಹೆಯೊಂದೇ ಸಾಲದು.

ಮನೆಯವರೂ ವಿಸ್ತರಣಾ ಕಾರ್ಯಕರ್ತರೂ ಗಮನಿಸಬೇಕಾದ ಅಂಶಗಳು

1. ಮಾತು ಕಡಿಮೆ ಮಾಡಿದವರನ್ನು, ಬೆಳೆಯ ಕಡೆ ಗಮನ ಬಿಟ್ಟವರನ್ನು, "ನಾನಿದ್ದು ಏನು ಫಲ" ಎನ್ನುವವರನ್ನು ಕಡೆಗಣಿಸಬಾರದು.

2. ಬುದ್ಧಿವಾದ ಹೇಳುವ ಮೊದಲು ಅವರ ಮಾತನ್ನು ಪೂರ್ತಿ ಕೇಳಬೇಕು.

3. ಅವರಾಗಿಯೇ ಕರೆ ಮಾಡಲು ಹಿಂಜರಿದರೆ ಮನೆಯವರೇ ಕರೆ ಮಾಡಿ ಸಲಹೆ ಪಡೆಯಬಹುದು.

4. ಪೀಡೆನಾಶಕಗಳನ್ನು ಬೇಕಾದಷ್ಟೇ ಕೊಳ್ಳಬೇಕು. ವಾಸದ ಮನೆಯಲ್ಲಿ ಇಡಬಾರದು. ಮನೆಯಲ್ಲಿ ಯಾರಾದರೂ ಮನನೊಂದಿದ್ದರೆ ಅವನ್ನು ಅವರ ಕೈಗೆ ಸಿಗದಂತೆ ಬೇರೆಯವರ ವಶಕ್ಕೆ ಕೊಡುವುದು ಒಳ್ಳೆಯದು.

5. ಪ್ರಾಣಾಪಾಯದ ಸೂಚನೆ ಕಂಡರೆ ಅವರನ್ನು ಒಂಟಿಯಾಗಿ ಬಿಡದೆ, 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ದೂರವಾಣಿ ಕರೆಯಿಂದ ಮಳೆ ಬಾರದು, ಸಾಲವೂ ತೀರದು. ಆದರೆ ಸಾಲದ ಅವಧಿ ವಿಸ್ತರಿಸುವಂತೆ ಬ್ಯಾಂಕಿನಲ್ಲಿ ಕೇಳುವುದಕ್ಕೂ, ಆಲಿಕಲ್ಲು ಮಳೆಗೆ ಹಾಳಾದ ಬೆಳೆಯ ವಿಷಯವನ್ನು ಫಸಲ್ ಬಿಮಾ ಯೋಜನೆಯಂತೆ 72 ಗಂಟೆಗಳೊಳಗೆ ತಿಳಿಸುವುದಕ್ಕೂ ಎದ್ದು ಓಡಾಡುವ ಮನಸ್ಸು ಬೇಕು. ಮನಸ್ಸು ಕುಗ್ಗಿದವರಿಗೆ ಈ ದಾರಿಗಳು ಕಾಣುವುದೇ ಇಲ್ಲ. ಆದುದರಿಂದ ಬೀಜ, ಗೊಬ್ಬರದ ಮಾಹಿತಿಯ ಜೊತೆಗೆ 14416 ಎಂಬ ಸಂಖ್ಯೆಯನ್ನೂ ಪಂಚಾಯಿತಿ, ಸಹಕಾರ ಸಂಘ ಮತ್ತು ರೈತ ಸಂಪರ್ಕ ಕೇಂದ್ರಗಳ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸುವುದು ಸೂಕ್ತ.