ಹಳೆಯ ಧ್ವನಿಮುದ್ರಿಕೆಯೂ ಮರಳಿ ಬರುವ ನೆನಪೂ

ಎಷ್ಟೋ ವರ್ಷಗಳಿಂದ ಕೇಳದೆ ಇದ್ದ ಹಾಡೊಂದು ಅಕಸ್ಮಾತ್ತಾಗಿ ಕಿವಿಗೆ ಬಿದ್ದೊಡನೆ, ಮರೆತೇಹೋಗಿದ್ದ ಒಂದು ಕೋಣೆ, ಒಂದು ಮುಖ, ಒಂದು ಮಳೆಗಾಲದ ಸಂಜೆ ಕಣ್ಣ ಮುಂದೆ ಬಂದು ನಿಲ್ಲುವುದುಂಟು. ನೆನೆಯಬೇಕೆಂದು ನಾವು ಪ್ರಯತ್ನಿಸಿರುವುದಿಲ್ಲ. ನೆನಪು ತಾನಾಗಿಯೇ ಎದ್ದು ಬರುತ್ತದೆ. ಕವಿಗಳು ಈ ಅನುಭವವನ್ನು ಬಹು ಹಿಂದೆಯೇ ಬಲ್ಲರು. ಕಾಳಿದಾಸನ ದುಷ್ಯಂತನು ಹಂಸಪದಿಕೆಯ ಗಾನವನ್ನು ಕೇಳಿ, ಕಾರಣ ತಿಳಿಯದೆ ವ್ಯಾಕುಲನಾಗುತ್ತಾನೆ. ವಿಜ್ಞಾನವು ಇದರ ಕಾರಣವನ್ನು ಹುಡುಕತೊಡಗಿದುದು ತೀರ ಈಚೆಗೆ.

ಈ ವಿಷಯವನ್ನು ಅರಿಯಲು ಪಾಶ್ಚಾತ್ಯ ದೇಶಗಳ ‘ಪರ್ಯಾಯ ರಾಕ್’ ಸಂಗೀತ ಒಂದು ಒಳ್ಳೆಯ ಉದಾಹರಣೆ. ಪೇಟೆಯಲ್ಲಿ ಮೆರೆಯುತ್ತಿದ್ದ ಜನಪ್ರಿಯ ಸಂಗೀತಕ್ಕೆ ಬದಲಾಗಿ ನಿಂತುದರಿಂದ ಅದಕ್ಕೆ ಆ ಹೆಸರು. 1980ರ ದಶಕದಲ್ಲಿ ಅಮೆರಿಕದ ಕಾಲೇಜು ರೇಡಿಯೋ ಕೇಂದ್ರಗಳೂ ಸಣ್ಣ ಧ್ವನಿಮುದ್ರಣ ಸಂಸ್ಥೆಗಳೂ ಅದನ್ನು ಪೋಷಿಸಿದವು. ಆರ್.ಇ.ಎಂ. ತಂಡದ ‘ಮರ್ಮರ್’ (1983), ಪಿಕ್ಸೀಸ್ ತಂಡದ ‘ಡೂಲಿಟ್ಲ್’ (1989) ಇವು ಆ ಕಾಲದ ಹೆಸರಾಂತ ಆಲ್ಬಮ್‌ಗಳು. ನಮ್ಮ ಸಂಸ್ಕೃತ ಪದವನ್ನೇ ಹೆಸರಾಗಿ ತಳೆದ ನಿರ್ವಾಣ ತಂಡದ ‘ನೆವರ್‌ಮೈಂಡ್’ 1991ರ ಸೆಪ್ಟೆಂಬರಿನಲ್ಲಿ ಹೊರಬಂದು, 1992ರ ಜನವರಿಯಲ್ಲಿ ಮೈಕೆಲ್ ಜ್ಯಾಕ್ಸನ್ನನ ಆಲ್ಬಮನ್ನು ಹಿಂದಕ್ಕೆ ತಳ್ಳಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಂದು ಹದಿನೆಂಟರ ಪ್ರಾಯದಲ್ಲಿದ್ದ ಶ್ರೋತೃಗಳು ಇಂದು ಐವತ್ತನ್ನು ದಾಟಿದ್ದಾರೆ. ಆ ಆಲ್ಬಮ್‌ಗಳನ್ನು ಹುಡುಕಿ ತೆಗೆದು ಮತ್ತೆ ಕೇಳುವಾಗ ಅವರಿಗೆ ಸಂಗೀತದೊಡನೆ ತಮ್ಮ ತಾರುಣ್ಯವೂ ಎದುರಾಗುತ್ತದೆ.

ತಾರುಣ್ಯವೇ ಏಕೆ? ಬಾಳಿನ ಎಲ್ಲ ವರ್ಷಗಳೂ ಸ್ಮೃತಿಯಲ್ಲಿ ಸಮಪಾಲನ್ನು ಪಡೆಯುವುದಿಲ್ಲ. ನಡುವಯಸ್ಸನ್ನು ದಾಟಿದವರಿಗೆ ತಮ್ಮ ಬಾಳಿನ ಘಟನೆಗಳನ್ನು ನೆನೆಯುವಂತೆ ಹೇಳಿದರೆ, ಹತ್ತರಿಂದ ಮೂವತ್ತು ವರ್ಷದೊಳಗಿನ ಸಂಗತಿಗಳೇ ಅಧಿಕ ಸಂಖ್ಯೆಯಲ್ಲಿ ಹೊರಬರುತ್ತವೆ. 1986ರಲ್ಲಿ ಡೇವಿಡ್ ರೂಬಿನ್ ಮತ್ತು ಸಂಗಡಿಗರು ಇದನ್ನು ಅಂಕಿಗಳಿಂದ ತೋರಿಸಿದರು. ನೆನಪುಗಳ ಸಂಖ್ಯೆಯನ್ನು ರೇಖೆಯಾಗಿ ಬರೆದಾಗ ಆ ವಯಸ್ಸಿನಲ್ಲಿ ಒಂದು ದಿಬ್ಬ ಏಳುತ್ತದೆ. ಮೊದಲ ಸ್ನೇಹ, ಮೊದಲ ಸಂಬಳ, ಮನೆಯನ್ನು ಬಿಟ್ಟು ಹೊರಟ ಮೊದಲ ಪಯಣ ಇವೆಲ್ಲ ಆ ಕಾಲದವು. ‘ನಾನು ಇಂಥವನು’ ಎಂಬ ಭಾವನೆ ರೂಪುಗೊಳ್ಳುವುದೂ ಆಗಲೇ. ಅಂದು ಮತ್ತೆ ಮತ್ತೆ ಕೇಳಿದ ಹಾಡು ಈ ಅನುಭವಗಳೊಡನೆ ಹೆಣೆದುಕೊಳ್ಳುತ್ತದೆ.

ಇಲ್ಲಿ ಧ್ವನಿಮುದ್ರಿಕೆಗೆ ಒಂದು ವಿಶೇಷ ಗುಣವಿದೆ. ನಮ್ಮ ಕಚೇರಿಗಳಲ್ಲಿ ಒಬ್ಬರೇ ವಿದ್ವಾಂಸರು ಒಂದೇ ಕೃತಿಯನ್ನು ಎರಡು ದಿನ ಹಾಡಿದರೆ ಅದು ಎರಡು ಬಗೆಯಾಗಿರುತ್ತದೆ. ಮುದ್ರಿಕೆಯಾದರೋ ಸಾವಿರ ಸಲ ಕೇಳಿದರೂ ಅದೇ ಶ್ರುತಿ, ಅದೇ ವೇಗ, ಅದೇ ಉಸಿರು. ಈ ಸ್ಥಿರತೆಯು ಮಿದುಳಿನಲ್ಲಿ ಎಷ್ಟು ಆಳವಾಗಿ ಬೇರೂರುತ್ತದೆಂಬುದನ್ನು ಡೇನಿಯಲ್ ಲೆವಿಟಿನ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಣಬಹುದು. ಅವರು ಜನರಿಗೆ ತಮ್ಮ ಮೆಚ್ಚಿನ ಹಾಡನ್ನು ಮುದ್ರಿಕೆಯ ನೆರವಿಲ್ಲದೆ ಹಾಡಲು ಹೇಳಿದರು. ನೂರಕ್ಕೆ 40 ಮಂದಿ ಎರಡು ಯತ್ನಗಳಲ್ಲಿ ಒಂದರಲ್ಲಾದರೂ ಮೂಲದ ಶ್ರುತಿಯನ್ನೇ ಹಿಡಿದರು. 1996ರಲ್ಲಿ ವೇಗವನ್ನು ಅಳೆದಾಗ, ನೂರಕ್ಕೆ 72 ಗಾಯನಗಳು ಮೂಲದ ವೇಗದಿಂದ ನೂರಕ್ಕೆ 8ಕ್ಕಿಂತ ಹೆಚ್ಚಾಗಿ ಸರಿದಿರಲಿಲ್ಲ. ನಾದಗುಣದ ನೆನಪು ಇದಕ್ಕಿಂತಲೂ ಚುರುಕು: ಪರಿಚಿತ ಮುದ್ರಿಕೆಯೊಂದನ್ನು ಗುರುತಿಸಲು ಸೆಕೆಂಡಿನ ಹತ್ತರಲ್ಲೊಂದು ಭಾಗದ ತುಣುಕೇ ಎಷ್ಟೋ ವೇಳೆ ಸಾಕೆಂದು 1999ರಲ್ಲಿ ಕಂಡುಬಂದಿತು. ಅಷ್ಟು ಅಲ್ಪ ಕಾಲದಲ್ಲಿ ರಾಗವೂ ಇಲ್ಲ, ಸಾಹಿತ್ಯವೂ ಇಲ್ಲ. ಇರುವುದು ಧ್ವನಿಯ ಬಣ್ಣ ಮಾತ್ರ. ವಿದ್ಯುತ್ ಗಿಟಾರಿನ ಒರಟು ನಾದವನ್ನೇ ಜೀವವಾಗಿ ಉಳ್ಳ ಪರ್ಯಾಯ ರಾಕ್ ಸಂಗೀತಕ್ಕೆ ಈ ಮಾತು ಚೆನ್ನಾಗಿ ಸಲ್ಲುತ್ತದೆ.

ಆಲ್ಬಮ್ ಎಂಬುದು ಬಿಡಿ ಹಾಡುಗಳ ರಾಶಿಯಲ್ಲ. ಹತ್ತು ಹನ್ನೆರಡು ಹಾಡುಗಳ ಗೊತ್ತಾದ ಅನುಕ್ರಮ. ಅದನ್ನು ಬಲ್ಲವರಿಗೆ ಒಂದು ಹಾಡು ಮುಗಿದು ಮುಂದಿನದು ತೊಡಗುವುದರೊಳಗೇ ಅದು ಮನಸ್ಸಿನಲ್ಲಿ ಮೊಳಗುತ್ತದೆ. 2009ರಲ್ಲಿ ಆಂಬರ್ ಲೀವರ್ ಮತ್ತು ಸಂಗಡಿಗರು, ತಮ್ಮ ಮೆಚ್ಚಿನ ಆಲ್ಬಮನ್ನು ಅನುಕ್ರಮವಾಗಿ ಕೇಳುತ್ತಿದ್ದವರ ಮಿದುಳನ್ನು ಪರೀಕ್ಷಿಸಿ, ಹಾಡುಗಳ ನಡುವಣ ಮೌನದಲ್ಲಿಯೇ ಅದರ ಮುಂಭಾಗ ಚಟುವಟಿಕೆಯಿಂದ ಕೂಡಿದ್ದುದನ್ನು ಕಂಡರು. ‘ನೆವರ್‌ಮೈಂಡ್’ನ ಅನೇಕ ಪ್ರತಿಗಳಲ್ಲಿ ಕೊನೆಯ ಹಾಡಿನ ಬಳಿಕ ಸುಮಾರು ಹತ್ತು ನಿಮಿಷ ಏನೂ ಕೇಳಿಸದು, ಆಮೇಲೆ ಪಟ್ಟಿಯಲ್ಲಿಲ್ಲದ ಹಾಡೊಂದು ಭೋರ್ಗರೆಯುತ್ತದೆ. ತಿಳಿಯದವರಿಗೆ ಅದು ಬರಿಯ ನಿಶ್ಶಬ್ದ, ತಿಳಿದವರಿಗೆ ನಿರೀಕ್ಷೆ.

ಹಾಡೂ ಜೀವನದ ನೆನಪೂ ಸಂಧಿಸುವ ತಾಣವಾವುದು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪೀಟರ್ ಜನಾಟಾ 2009ರಲ್ಲಿ ಇದಕ್ಕೆ ಉತ್ತರವನ್ನು ಸೂಚಿಸಿದರು. ಪ್ರತಿಯೊಬ್ಬರಿಗೂ ಅವರು 8ರಿಂದ 18ರ ವಯಸ್ಸಿನಲ್ಲಿದ್ದಾಗ ಬಂದ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಲಾಯಿತು. ಹಾಡು ಸ್ವಂತ ನೆನಪನ್ನು ಕೆರಳಿಸಿದಾಗ, ಹಣೆಯ ಹಿಂದೆ, ಮಿದುಳಿನ ಎರಡು ಅರ್ಧಗಳು ಎದುರುಬದುರಾಗುವ ಒಳಭಾಗವು ವಿಶೇಷವಾಗಿ ಎಚ್ಚರಗೊಂಡಿತು. ಸ್ವರಗಳ ಸಂಚಾರವನ್ನೂ ಅದು ಹಿಂಬಾಲಿಸುತ್ತಿದ್ದಿತು.

ಹೀಗೆಂದಮಾತ್ರಕ್ಕೆ ಹಾಡು ಎಬ್ಬಿಸಿದ ನೆನಪೆಲ್ಲವೂ ಯಥಾರ್ಥವೆಂದು ತಿಳಿಯಲಾಗದು. ಮುದ್ರಿಕೆ ಬದಲಾಗದು, ನೆನಪು ಬದಲಾಗುತ್ತದೆ. ನೆನೆದಾಗಲೆಲ್ಲ ನಾವು ಅದನ್ನು ಸ್ವಲ್ಪಮಟ್ಟಿಗೆ ಹೊಸದಾಗಿ ಕಟ್ಟುತ್ತೇವೆ. ಆ ಸಂಜೆ ಮಳೆ ಬಂದಿತ್ತೇ ಎಂಬುದಕ್ಕೆ ಹಾಡು ಸಾಕ್ಷಿಯಾಗಲಾರದು.

ಆದರೂ ಈ ವಿಚಾರ ಬರಿಯ ಕುತೂಹಲದ್ದಲ್ಲ. ಆಲ್ಜೈಮರ್ ರೋಗವು ಹೆಸರುಗಳನ್ನೂ ಮುಖಗಳನ್ನೂ ಒಂದೊಂದಾಗಿ ಅಳಿಸುತ್ತ ಹೋಗುತ್ತದೆ. ಬಹುಕಾಲದಿಂದ ಬಲ್ಲ ಸಂಗೀತದ ಸ್ಮೃತಿಗೆ ಸಂಬಂಧಿಸಿದ ಭಾಗಗಳು ಆ ರೋಗದಲ್ಲಿ ಇತರ ಭಾಗಗಳಿಗಿಂತ ಕಡಿಮೆ ಕೃಶವಾಗುತ್ತವೆಂದು ಜರ್ಮನಿಯ ಲೈಪ್ಸಿಗ್‌ನ ಸಂಶೋಧಕರು 2015ರಲ್ಲಿ ವರದಿ ಮಾಡಿದರು. ಹಾಡು ರೋಗಕ್ಕೆ ಮದ್ದಲ್ಲ. ಆದರೆ ಮಾತು ತಲಪದ ಕಡೆಗೆ ಅದು ತಲಪಬಹುದು. ಹಾಗೆ ತಲಪಬೇಕಾದರೆ ಯಾವುದೋ ಒಂದು ಹಳೆಯ ಹಾಡು ಸಾಲದು. ಆ ವ್ಯಕ್ತಿ ಹರೆಯದಲ್ಲಿ ಕೇಳಿದ ಆ ಮುದ್ರಿಕೆಯೇ ಬೇಕು. ‘ನೆವರ್‌ಮೈಂಡ್’ ಕೇಳಿ ಬೆಳೆದವರಿಗೆ ವೃದ್ಧಾಪ್ಯದಲ್ಲಿ ಅವರ ತಂದೆತಾಯಿಗಳ ಕಾಲದ ಇಂಪಾದ ಗೀತೆಯನ್ನು ಹಾಕಿದರೆ ಪ್ರಯೋಜನ ಅಷ್ಟಕ್ಕಷ್ಟೆ. ನಮ್ಮ ಹಿರಿಯರ ವಿಷಯದಲ್ಲಿಯೂ ಹೀಗೆಯೇ. ಹರೆಯದಲ್ಲಿ ಅವರು ಮೆಚ್ಚಿದ ಹಾಡು ಯಾವುದು, ಹಾಡಿದವರು ಯಾರು ಎಂಬುದನ್ನು, ಅವರು ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಲೇಸು.